ಹೊದಿಸಿಟ್ಟ ಕಂಬಿ

ಮಕ್ಕಳಿಗೆ ಜ್ವರ ಬಂದಾಗಲೂ ನಾನು ಅಷ್ಟು ಜೋಪಾನವಾಗಿ ಹೊದಿಸಿದವನಲ್ಲ ಎಂದು ನನ್ನ ಹೆಂಡತಿ ಈಗಲೂ ಚುಚ್ಚುತ್ತಾಳೆ. ಅವಳು ಹೇಳುವುದು ಗೊಟ್ಟಿಗೆರೆಯ ನಮ್ಮ ಮನೆಯ ಪಕ್ಕದ ಓಣಿಯಲ್ಲಿ ಎರಡು ವರ್ಷ ಮಲಗಿದ್ದ ಕಬ್ಬಿಣದ ಕಂಬಿಗಳ ವಿಷಯ.

ಕಂಬಿ ತರಿಸಿದ್ದು ಅಕ್ಕನಿಗಾಗಿ. ಭಾವ ತೀರಿಕೊಂಡ ಮೇಲೆ ಅವಳು ಸುದ್ದಗುಂಟೆಪಾಳ್ಯದ ಬಾಡಿಗೆ ಕೋಣೆಯೊಂದರಲ್ಲಿ ಇದ್ದಾಳೆ. ನಮ್ಮಲ್ಲಿಗೆ ಬಾ ಎಂದು ಕರೆದಾಗ, "ನಿನ್ನ ಮನೇಲಿ ಒಂದ್ ಮೂಲೆ ಬೇಡ ಕಣೋ. ನಂದೇ ಅಂತ ಒಂದ್ ರೂಮು ಕಟ್ಕೊಡು, ಬರ್ತೀನಿ" ಎಂದಳು. ಕೆಳಗೆ ಒಂದು ತುಳಸಿ ಕುಂಡಕ್ಕೂ ಜಾಗವಿಲ್ಲ. ಮಹಡಿಯ ಮೇಲೆ ಕಟ್ಟುತ್ತೇನೆಂದು ಮಾತು ಕೊಟ್ಟೆ. ಮರುವಾರವೇ ಕಂಬಿ ಬಂತು. ಅದರ ಹಿಂದೆಯೇ ಆಷಾಢವೂ ಬಂತು. ಆಷಾಢದಲ್ಲಿ ಕೆಲಸ ಶುರು ಮಾಡುವವರುಂಟೇ? ಶ್ರಾವಣದಲ್ಲಿ ಮೇಸ್ತ್ರಿ ಊರಿಗೆ ಹೋದ. ಅವನು ಮರಳುವಷ್ಟರಲ್ಲಿ ಪಿತೃಪಕ್ಷ. ಆಮೇಲೆ ಮಳೆ, ಮಳೆ ಮುಗಿದರೆ ಧನುರ್ಮಾಸ. ಮರುವರ್ಷವೂ ಇದೇ ಸುತ್ತು. ಕೆಲಸ ಮಾಡಲು ಇರುವುದಕ್ಕಿಂತ ಮುಂದೂಡಲು ನಮ್ಮ ಪಂಚಾಂಗದಲ್ಲಿ ಅನುಕೂಲ ಹೆಚ್ಚು.

ಕಂಬಿಯನ್ನಂತೂ ನಾನು ಅಸಡ್ಡೆ ಮಾಡಲಿಲ್ಲ. ನೆಲದ ಮೇಲೆಯೇ ಸಾಲಾಗಿ ಮಲಗಿಸಿ, ದಪ್ಪ ಪ್ಲಾಸ್ಟಿಕ್ ಸುತ್ತಿ, ಇರುವೆಯೂ ನುಸುಳದಂತೆ ಹಗ್ಗ ಬಿಗಿದೆ. ಮಳೆ ಜೋರಾದಾಗಲೆಲ್ಲ ಮೇಲೊಂದು ಟಾರ್ಪಾಲು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ಒಮ್ಮೆ ತಟ್ಟಿ ಬರುತ್ತಿದ್ದೆ. ಅಕ್ಕ ಫೋನಿನಲ್ಲಿ ಮಂಡಿನೋವು ಎಂದಾಗ ಎಣ್ಣೆ ಹಚ್ಚಿಕೋ ಎಂದು ಹೇಳಿ, ಹೊಸ ಟಾರ್ಪಾಲಿನ ವರ್ಣನೆಗೆ ತೊಡಗುತ್ತಿದ್ದೆ.

ಈ ವರ್ಷ ಕೊಪ್ಪಳದ ಕಡೆಯ ಮಲ್ಲಪ್ಪ ಎಂಬ ಹೊಸ ಮೇಸ್ತ್ರಿ ಬಂದು ಗಂಟು ಬಿಚ್ಚಿದ. ಒಳಗೆಲ್ಲ ನೀರು ಬೆವರಿ ತೊಟ್ಟಿಕ್ಕುತ್ತಿತ್ತು. ಕಂಬಿಗಳು ಕೆಂಪಗಾಗಿದ್ದವು, ಅಡಿಯವನ್ನು ಮುಟ್ಟಿದರೆ ಹಕ್ಕಳೆ ಉದುರುತ್ತಿತ್ತು.

"ಯಾರ್ರೀ ಸರ ಹಿಂಗ ಮುಚ್ಚಿದ್ದು?"

"ನಾನೇ."

"ಉಸಿರು ಕಟ್ಟಿಸಿಬಿಟ್ಟೀರಲ್ರೀ! ಕೆಳಗ ನಾಕು ಮರದ ತುಂಡು ಇಟ್ಟು, ಮ್ಯಾಲ ಸಡಿಲಾಗಿ ಹೊದಿಸಿದ್ರ ಗಾಳಿ ಆಡ್ತಿತ್ತು."

ದೆಹಲಿಯಲ್ಲಿ ಒಂದು ಕಬ್ಬಿಣದ ಕಂಬ ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಟ್ಟಬಯಲಲ್ಲಿ ನಿಂತಿದೆ, ತುಕ್ಕು ಹಿಡಿದಿಲ್ಲ. ಲೋಹದ ಗುಣವೆಂದು ಪಂಡಿತರು ಕಾರಣ ಕೊಡುತ್ತಾರೆ. ನನ್ನಂಥ ಕಾಳಜಿವಂತ ಅದರ ಹತ್ತಿರ ಸುಳಿದಿರಲಿಲ್ಲ ಎನ್ನುವುದೂ ಒಂದು ಕಾರಣವಿರಬೇಕು.

ಮಲ್ಲಪ್ಪ ಅಡಿಯ ಸಾಲನ್ನು ಗುಜರಿಗೆ ಎಂದು ಬದಿಗೆಸೆದ. ಉಳಿದವನ್ನು ತಂತಿ ಬ್ರಷ್ಷಿನಲ್ಲಿ ಮೂರು ದಿನ ಉಜ್ಜಿದ. "ಪುಣ್ಯಾಕ ಒಳಗ ಗಟ್ಟಿ ಅದಾವ್ರೀ. ಆದ್ರ ಸರ, ಕಂಬಿ ಇಡಾಕ ಅಲ್ರೀ, ಕಟ್ಟಾಕ" ಎಂದ. ಆ ಖುಷಿಯಲ್ಲಿ ನನಗೆ ಬುದ್ಧಿಮಾತೂ ಸಿಹಿಯಾಗಿ ಕೇಳಿಸಿತು. ತಕ್ಷಣ ಅಕ್ಕನಿಗೆ ಫೋನ್ ಮಾಡಿ, ಬಂದು ಜಾಗ ನೋಡು ಎಂದೆ.

ಭಾನುವಾರ ಆಟೋದಲ್ಲಿ ಬಂದಳು. ರೇಲಿಂಗು ಹಿಡಿದು ಮಹಡಿಯ ಮೆಟ್ಟಿಲು ಒಂದು ಹತ್ತಿದಳು, ಎರಡು ಹತ್ತಿದಳು. ಮೂರನೆಯದಕ್ಕೆ ಕಾಲೆತ್ತಲು ಹೋಗಿ, ಅಲ್ಲೇ ಕೂತುಬಿಟ್ಟಳು.

"ಆಗಲ್ಲ ಕಣೋ. ಹೋದ ವರ್ಷ ಆಗಿದ್ರೆ ಹತ್ತುತಿದ್ನೇನೋ."

ಎರಡು ವರ್ಷ ನಾನು ಕಾಯುತ್ತಿದ್ದುದು ಯಾವುದನ್ನು? ಮಲ್ಲಪ್ಪ ಅಳತೆ ಟೇಪು ಹಿಡಿದು ಮೇಲೆ ಕಾಯುತ್ತಿದ್ದ.

ಅಕ್ಕನೇ ಸುಧಾರಿಸಿಕೊಂಡು, "ನೀನು ಮೇಲೆ ಹೋಗೋ. ರೂಮು ಎಲ್ಲಿ ಬರ್ತಿತ್ತು, ಹೇಳು" ಎಂದಳು.

ಹೋಗಿ ನಿಂತೆ. ಗೋಡೆ ಇಲ್ಲಿಂದ ಇಲ್ಲಿಯವರೆಗೆ ಎಂದು ನಡೆದು ನಡೆದು ಕೂಗಿ ಹೇಳಿದೆ.

"ಕಿಟಕಿ?"

"ಪೂರ್ವಕ್ಕೆ ಅಕ್ಕ, ದೊಡ್ಡದು."

"ಬಿಸಿಲು ಬೀಳುತ್ತಾ?"

"ಹಾಸಿಗೆವರೆಗೂ."

"ಚೆನ್ನಾಗಿದೆ ಕಣೋ" ಎಂದು ಕೆಳಗಿನಿಂದ ದನಿ ಬಂತು.

ಹೀಗೆ ಐದೇ ನಿಮಿಷದಲ್ಲಿ ಅಕ್ಕನ ಕೋಣೆ ಕಟ್ಟಿ ಮುಗಿಸಿದೆ. ಒಂದು ಕಂಬಿಯೂ ಬೇಕಾಗಲಿಲ್ಲ.