ಹಿಂದೆ ಉಳಿದವಳನ್ನು ಬಿಟ್ಟು ಊರು ಸೇರುವಂತಿಲ್ಲ

ದಸರಾ ರಜೆಯಲ್ಲಿ ನಿಮ್ಮ ಕೈಯಿಂದ ಫೋನು ಕಿತ್ತುಕೊಂಡು ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಅದಕ್ಕೆ ನಿಮ್ಮಿಬ್ಬರಿಗೂ ನನ್ನ ಮೇಲೆ ಸಿಟ್ಟಿದೆ ಎಂದು ನಿಮ್ಮಮ್ಮ ಹೇಳಿದಳು. ಇರಲಿ. ನನಗಿರುವ ಸಿಟ್ಟಿನ ಮುಂದೆ ನಿಮ್ಮದು ಸಾಸಿವೆ ಕಾಳು. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಏಳನೆಯ ಇಯತ್ತೆಯವರೆಗೆ ಕಲಿತ ಕೈ ಬರೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ನೀವು ಅಕ್ಕತಂಗಿಯರು ಕಟ್ಟೆಯ ಮೇಲೆ ಒಂದೇ ಫೋನು ಹಿಡಿದು ಸರದಿಯಲ್ಲಿ ಆಡುತ್ತಿದ್ದಿರಿ. ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಫೋನಿನೊಳಗಿಂದ ಹುಣಸೆ ಬೀಜ ನೆಲಕ್ಕೆ ಬಿದ್ದ ಸದ್ದು ಬಂತು. ನಮ್ಮ ಆಟ ಫೋನಿಗೆ ಬಂದಿದೆ ಎಂದು ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದೆ.

"ಅಜ್ಜಿ, ನಾ ಗೆದ್ದೆ! ಬನವಾಸಿ ಮುಟ್ಟಿದೆ" ಎಂದಳು ದೊಡ್ಡವಳು.

"ನಿನ್ನ ತಂಗಿ?"

"ಅವಳು ಕಾಡಲ್ಲೇ ಬಿದ್ದಿದಾಳೆ. ಬಿಟ್ ಬಂದೆ. ಬಿಟ್ರೆ ಪಾಯಿಂಟ್ ಜಾಸ್ತಿ."

ಚಿಕ್ಕವಳು ಮುಖ ಸಣ್ಣ ಮಾಡಿಕೊಂಡು ಹೇಳಿದಳು: "ನನ್ನ ಕರ್ಕೊಂಡು ಹೋಗ್ಬೇಕಂದ್ರೆ ಜಾಹೀರಾತು ನೋಡ್ಬೇಕಂತೆ ಅಜ್ಜಿ. ಸೋಪಿಂದು. ಅವಳಿಗೆ ಬೇಜಾರಂತೆ."

ಆಮೇಲಿನದು ನಿಮಗೆ ಗೊತ್ತು. ಯಾಕೆಂದು ಮಾತ್ರ ಗೊತ್ತಿಲ್ಲ.

ಆ ಆಟವನ್ನು ಯಾರೂ ಕೂತು ಬರೆದದ್ದಲ್ಲ. ನಿಮ್ಮಮ್ಮ ಸಣ್ಣವಳಿದ್ದಾಗ ನಾನು ದಾಸನಕೊಪ್ಪದಲ್ಲಿ ಬೀಜದ ಶುಂಠಿ ಮುರಿಯುವ ಕೆಲಸಕ್ಕೆ ಹೋಗುತ್ತಿದ್ದೆ. ಬಿತ್ತುವ ಮೊದಲು ಗಡ್ಡೆಯನ್ನು ಮೊಳಕೆಯ ಕಣ್ಣು ನೋಡಿ ನೋಡಿ ತುಂಡು ಮಾಡಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ, ಬೆರಳು ಉರಿಯುತ್ತಿತ್ತು. ಹಾಡು ಹೇಳಲು ನನಗೆ ನಾಚಿಕೆ. ಆದರೆ ತಲೆ ಬಗ್ಗಿಸಿ ಶುಂಠಿ ನೋಡುತ್ತಾ ಕಥೆ ಹೇಳಲು ಬರುತ್ತಿತ್ತು, ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲವಲ್ಲ. ಹೇಳುತ್ತಾ ಹೇಳುತ್ತಾ ಕೇಳುವವರನ್ನೇ ಕಥೆಯೊಳಗೆ ಎಳೆದೆ. ನೀನು ಕುಂಬಾರಗಿತ್ತಿ, ನೀನು ಎತ್ತು ಮಾರುವವಳು, ನೀನು ತವರಿಗೆ ಹೊರಟ ಹೊಸ ಸೊಸೆ. ಎಲ್ಲರೂ ಬನವಾಸಿಗೆ ಹೋಗಬೇಕು.

"ಈಗ ವರದಾ ಹೊಳಿ ದಂಡಿಗೆ ಬಂದೀರಿ. ದೋಣಿ ಇಲ್ಲ. ಏನ್ ಮಾಡ್ತೀರಿ?"

ಕೆಲಸಕ್ಕೆ ನನ್ನ ಜೊತೆ ಬರುತ್ತಿದ್ದ ಪಕ್ಕದ ಮನೆಯ ಅಕ್ಕ ಕುಂಬಾರಗಿತ್ತಿ ಆಗಿದ್ದಳು. "ಗಡಿಗಿ ಬೋರಲ ಹಾಕಿ ಅದರ ಮ್ಯಾಲ ತೇಲತೀನಿ" ಎಂದಳು.

"ನಿನ್ನ ಭಾರಕ್ಕ ಗಡಿಗಿ ಅಲ್ಲ, ಹೊಳಿನ ಬತ್ತೀತು" ಎಂದು ಇನ್ನೊಬ್ಬಳು ನಗಾಡಿದಳು.

ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ನಾಲ್ಕು ಹುಣಸೆ ಬೀಜ. ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿದ್ದು. ಎಸೆದಾಗ ಬಿಳಿ ಹೆಚ್ಚು ಬಿದ್ದರೆ ಅಂದುಕೊಂಡದ್ದು ನಡೆಯುತ್ತದೆ, ಕಡಿಮೆ ಬಿದ್ದರೆ ಅರೆಬರೆ ನಡೆಯುತ್ತದೆ. ನಾಲ್ಕೂ ಕಪ್ಪು ಬಿದ್ದರೆ ಹುಲಿ ಹಿಡಿಯಿತು, ಆಟದಿಂದ ಹೊರಗೆ. ಮೊದಲು ಹಾಗೆಯೇ ಇತ್ತು.

ಅದು ಮನೆಗೂ ಬಂತು. ಒಂದು ಭಾನುವಾರ ನಿಮ್ಮಮ್ಮ, ಪಕ್ಕದ ಮನೆಯ ಅಕ್ಕ, ಅವಳ ಮಗಳು ಆಡುತ್ತಿದ್ದರು. ನಾನು ಕಥೆ ಹೇಳುವವಳು. ನಿಮ್ಮಮ್ಮನಿಗೆ ನಾಲ್ಕೂ ಕಪ್ಪು ಬಿತ್ತು. ಹುಲಿ ಬಂತು ಎಂದೆ. ಏಳು ವರ್ಷದ ಹುಡುಗಿ ಅಳುತ್ತಾ ಎದ್ದು ಹೋಗಿ ಗೋಡೆಗೆ ಮುಖ ಹಾಕಿ ಕೂತಳು. ಉಳಿದವರು ಆಟ ಮುಂದುವರಿಸಿದರು.

ನಿಮ್ಮಜ್ಜ ಅಲ್ಲೇ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು. ಅವರು ಶಿರಸಿ–ಯಲ್ಲಾಪುರ ಬಸ್ಸಿನ ಕಂಡಕ್ಟರ್. ಆಟಕ್ಕೆ ಎಂದೂ ಸೇರಿದವರಲ್ಲ. ತಲೆ ಎತ್ತದೆ ಹೇಳಿದರು: "ದಾರ್‍ಯಾಗ ಬಸ್ ನಿಂತಾಗ ಒಬ್ಬಾಕಿ ಇಳದು ಹೋಗಿ ವಾಪಸ್ ಬರಲಿಲ್ಲಂದ್ರ, ಸೀಟಿ ಹೊಡದು ಹೋಗ್ತೀವೇನು? ಇಳದು ಹುಡುಕ್ರಿ."

"ಇದು ಆಟ ರೀ" ಎಂದಳು ಪಕ್ಕದ ಮನೆಯ ಅಕ್ಕ.

"ಆಟ ಆದ್ರ ಏನಾತು? ಕೂಸು ಖರೇನ ಅಳಾಕತ್ತೇತಲ್ಲ."

ಅವತ್ತಿನಿಂದ ಹುಲಿ ಹೋಯಿತು. ನಾಲ್ಕೂ ಕಪ್ಪು ಬಿದ್ದವಳು ಹಿಂದೆ ಉಳಿಯುತ್ತಾಳೆ ಅಷ್ಟೆ. ಉಳಿದವರು ತಾವು ಗೆದ್ದ ದಾರಿಯನ್ನು ಬಿಟ್ಟು ಹಿಂದಕ್ಕೆ ಬಂದು ಅವಳನ್ನು ಹುಡುಕಿ ಕರೆದೊಯ್ಯಬೇಕು. ಅಲ್ಲಿಯವರೆಗೆ ಬನವಾಸಿಯ ಬಾಗಿಲು ಯಾರಿಗೂ ತೆರೆಯುವುದಿಲ್ಲ. ಆ ಒಂದು ನಿಯಮದಿಂದ ನನ್ನ ಹರಟೆ ಆಟವಾಯಿತು. ಹಿಂದಕ್ಕೆ ಹೋಗುವಾಗಲೇ ಒಳ್ಳೊಳ್ಳೆಯ ಕಥೆಗಳು ಹುಟ್ಟುತ್ತಿದ್ದವು. ಒಮ್ಮೆ ಪಕ್ಕದ ಮನೆಯ ಅಕ್ಕ ಮೂರು ಸಲ ಹಿಂದೆ ಉಳಿದಳು, ಮೂರು ಸಲವೂ ನಾವು ಅವಳನ್ನು ಹುಡುಕಿ, ಶುಂಠಿ ಮುಗಿದರೂ ಬನವಾಸಿ ಮುಟ್ಟಿರಲಿಲ್ಲ. "ನನ್ನ ಬಿಟ್ಟು ಹೋಗ್ರೆವ್ವಾ, ಸಾಕಾತು" ಎಂದು ಅವಳೇ ಬೇಡಿಕೊಂಡಳು. ನಾವು ಬಿಡಲಿಲ್ಲ.

ನಿಮ್ಮಮ್ಮ ಸಿದ್ದಾಪುರದ ಶಾಲೆಯಲ್ಲಿ ಟೀಚರ್ ಆದ ಮೇಲೆ ಮಕ್ಕಳಿಗೆ ಇದನ್ನು ಆಡಿಸಿದಳು. ಹೊರಗಿನ ದೇಶಗಳಲ್ಲಿಯೂ ಹೀಗೆ ಕಥೆಯೊಳಗೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮೇಜಿನ ಸುತ್ತ ಕೂತು, ದಾಳ ಹಾಕಿ ಆಡುತ್ತಾರೆ, ಅದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ ಎಂದು ತಿಳಿದುಕೊಂಡು ಬಂದು ಹೇಳಿದಳು. "ನಮ್ಮನ್ಯಾಗ ಮೇಜೆಲ್ಲೈತಿ?" ಎಂದೆ. ಅವಳು ಬಿಡಲಿಲ್ಲ. ನನ್ನನ್ನು ಕೇಳಿ ಕೇಳಿ ನಿಯಮಗಳನ್ನೆಲ್ಲ ಬರೆದಳು. ಬಟ್ಟೆಯ ಮೇಲೆ ದಾರಿ ಬರೆಸಿ, ನಾಲ್ಕು ಬೀಜ, ಒಂದು ಪುಸ್ತಿಕೆ ಇಟ್ಟು ಪೆಟ್ಟಿಗೆ ಮಾಡಿದಳು. ಪುಸ್ತಿಕೆಯನ್ನು ಶಿರಸಿಯಲ್ಲಿ ಅಚ್ಚು ಹಾಕಿಸಿದೆವು. ಅದು ಬರುವ ಹೊತ್ತಿಗೆ ನಿಮ್ಮಜ್ಜ ಇರಲಿಲ್ಲ. ಪೆಟ್ಟಿಗೆ ಯಲ್ಲಾಪುರ, ಸಿದ್ದಾಪುರದ ಅಂಗಡಿಗಳಿಗೆ ಹೋಯಿತು, ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು.

ಹಾಗೆ ಹೋದದ್ದು ಫೋನಿನ ಆಟ ಮಾಡುವ ಒಂದು ಕಂಪನಿಯವನ ಕಣ್ಣಿಗೆ ಬಿತ್ತು. ಆಟವನ್ನು ಫೋನಿಗೆ ತರುತ್ತೇವೆ, ಲೈಸನ್ಸ್ ಕೊಡಿ ಎಂದು ಮನೆಗೇ ಬಂದ. ಬಂದೂಕಿಗೆ, ಗಾಡಿಗೆ ಲೈಸನ್ಸ್ ಕೇಳಿದ್ದೆ, ಹುಣಸೆ ಬೀಜಕ್ಕೂ ಉಂಟೆಂದು ಅವತ್ತೇ ಗೊತ್ತಾದದ್ದು. ಒಳ್ಳೆಯ ಮಾತಿನವನು. ಮಂಡಕ್ಕಿ ಒಗ್ಗರಣೆ ಎರಡು ಸಲ ಹಾಕಿಸಿಕೊಂಡು ತಿಂದ.

ಅವನ ಕಾಗದದ ಕೊನೆಗೆ ಎರಡು ಪಟ್ಟಿ ಇದ್ದವು. ಮೊದಲನೆಯದು, ಒಬ್ಬರು ಸ್ವಂತ ಬುದ್ಧಿಯಿಂದ ಮಾಡಿದ್ದು. ಅವರ ಹೆಸರು ಹಾಕಬೇಕು, ಕೇಳದೆ ಬದಲಿಸುವಂತಿಲ್ಲ. ಎರಡನೆಯದು, ಹಿಂದಿನಿಂದ ಬಂದದ್ದು, ಯಾರದೂ ಅಲ್ಲದ್ದು. ಅದನ್ನು ಅವರು ಬೇಕಾದಂತೆ ಮಾಡಿಕೊಳ್ಳಬಹುದು. ನಿಮ್ಮಮ್ಮ ಆಧಾರ್ ಕಾರ್ಡಿನ ಝೆರಾಕ್ಸ್ ಮಾಡಿಸಲು ರಸ್ತೆಗೆ ಹೋಗಿದ್ದಳು. ಅವನು ಒಂದೊಂದೇ ಕೇಳುತ್ತಾ ಬರೆದುಕೊಂಡ.

"ಹುಣಸೆ ಬೀಜ?" ಅದು ಎಲ್ಲರದೂ ಎಂದೆ. "ಪಾತ್ರಗಳು, ದಾರಿಯ ಕಥೆ?" ನಾನು ಕಟ್ಟಿದ್ದು ಎಂದೆ.

"ಹಿಂದೆ ಹೋಗಿ ಕರ್ಕೊಂಡು ಬರೋ ನಿಯಮ? ಅದು ಯಾರು ಮಾಡಿದ್ದಮ್ಮ? ಹೆಸರು ಹೇಳಿ."

ಗಂಡನ ಹೆಸರನ್ನು ನಾನು ಮದುವೆಯಾದಾರಭ್ಯ ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗ ನಿಮ್ಮಮ್ಮನನ್ನು ಮುಂದೆ ತಳ್ಳುತ್ತಿದ್ದೆ. ಮತದಾರರ ಪಟ್ಟಿಯವರು ಬಂದರೆ ಕಾರ್ಡು ತಂದು ಬೆರಳು ತೋರಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಅವರನ್ನು ಮಲಗಿಸಿದ್ದಾಗ ನರ್ಸ್ ಹೆಸರು ಕೇಳಿದರೆ ಪಕ್ಕದ ಮಂಚದವರು ಹೇಳಿದ್ದರು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅವ್ವ ಕಲಿಸಿದ್ದು. ಅವತ್ತು ತೋರಿಸಲು, ಅವರ ಹೆಸರಿದ್ದ ಕಾರ್ಡು ಕೂಡ ನಿಮ್ಮಮ್ಮನ ಕೈಯಲ್ಲಿ ಹೋಗಿತ್ತು. ತಲೆ ಬಗ್ಗಿಸಿದೆ. ಸೆರಗಿನ ತುದಿ ತಿರುವಿದೆ.

"ಗೊತ್ತಿಲ್ದಿದ್ರೆ ಪರ್ವಾಗಿಲ್ಲಮ್ಮ. ಹಳೇದು ಅಂತ ಹಾಕೋಣ" ಎಂದು ಎರಡನೆಯ ಪಟ್ಟಿಗೆ ಬರೆದ.

ನಮ್ಮ ಮನೆಯವರು ಎಂದಿದ್ದರೂ ಸಾಕಿತ್ತು. ಮಗಳು ಬರಲಿ, ಅವಳು ಹೇಳುತ್ತಾಳೆ ಎಂದಿದ್ದರೂ ಸಾಕಿತ್ತು. ಹೇಳಲಿಲ್ಲ. ನಿಮ್ಮಮ್ಮ ಬಂದು "ಎಲ್ಲಾ ಸರಿಯಾಗಿ ಹೇಳಿದಿ ಹೌದಿಲ್ಲೋ ಅವ್ವ?" ಎಂದಾಗ ಹೂಂ ಎಂದೆ. ಇಂಗ್ಲಿಷಿನ ಅಷ್ಟು ಹಾಳೆಯಲ್ಲಿ ಕೊನೆಯದನ್ನು ಅವಳೂ ಬಿಡಿಸಿ ಓದಲಿಲ್ಲ. ಇಬ್ಬರೂ ಸಹಿ ಹಾಕಿದೆವು.

ಅದರ ಫಲ ನೀವು ಕಟ್ಟೆಯ ಮೇಲೆ ಆಡುತ್ತಿದ್ದದ್ದು. ಹಿಂದೆ ಉಳಿದವಳನ್ನು ಬಿಟ್ಟವಳಿಗೆ ಪಾಯಿಂಟು. ಕರೆತರಬೇಕೆಂದರೆ ಸೋಪಿನ ಜಾಹೀರಾತು. ಮೂವತ್ತು ವರ್ಷ ಒಬ್ಬ ಪ್ರಯಾಣಿಕನನ್ನೂ ದಾರಿಯಲ್ಲಿ ಬಿಟ್ಟು ಬಾರದ ಮನುಷ್ಯನ ಮಾತನ್ನು ತೆಗೆದುಕೊಂಡು, ತಲೆಕೆಳಗು ಮಾಡಿ, ಅವರ ಮೊಮ್ಮಕ್ಕಳಿಗೇ ಕಲಿಸಿದರು. ನೀವು ಊರಿಗೆ ಹೋದ ಮೇಲೆ ಒಂದು ವಾರ ನನಗೆ ಊಟ ಇಳಿಯಲಿಲ್ಲ. ಸಿಟ್ಟು ಕಂಪನಿಯ ಮೇಲೆ ಎಷ್ಟೋ, ನನ್ನ ಮೇಲೆಯೂ ಅಷ್ಟೇ. ಅವರ ಆಯುಷ್ಯ ಮುಗಿದೇ ಹೋಗಿತ್ತಲ್ಲ. ಯಾರನ್ನು ಉಳಿಸಲು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ?

ದೀಪಾವಳಿ ಕಳೆದ ಮೇಲೆ ಅದೇ ಮನುಷ್ಯ ಮತ್ತೆ ನಿಮ್ಮಮ್ಮನಿಗೆ ಫೋನು ಮಾಡಿದ. ಆಟ ಚೆನ್ನಾಗಿ ಓಡುತ್ತಿದೆ, ಈಗ ಟಿವಿಗೆ ಹಚ್ಚಿ ಆಡುವ ದೊಡ್ಡ ಆಟ ಮಾಡುತ್ತೇವೆ, ಅದಕ್ಕೆ ಬೇರೆ ಲೈಸನ್ಸ್ ಬೇಕು ಎಂದ. ನಿಮ್ಮಮ್ಮ ತಾನೊಬ್ಬಳೇ ಹೋಗಿ ಮಾತಾಡುತ್ತೇನೆ ಎಂದಳು. ನಾನೂ ಬರುತ್ತೇನೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ.

ಶಿರಸಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತೆವು. ಹೊರಗೆ ಯಾರೋ ಕಂಡಕ್ಟರ್ "ಯಲ್ಲಾಪುರ, ಯಲ್ಲಾಪುರ" ಎಂದು ಕೂಗುತ್ತಿದ್ದ. ನಿಮ್ಮಮ್ಮ ಮೊದಲು ಮಾತು ತೆಗೆದಳು, ಆ ನಿಯಮವನ್ನು ಯಾಕೆ ತೆಗೆದಿರಿ ಎಂದು.

"ಮೇಡಂ, ಫೋನಲ್ಲಿ ಜನ ನಿಲ್ಲಲ್ಲ. ಗೆಲ್ತಾ ಇರೋರನ್ನ ಹಿಂದಕ್ಕೆ ಕಳಿಸಿದ್ರೆ ಆಟಾನೇ ಮುಚ್ತಾರೆ. ನಾವು ಆಡಿಸಿ ನೋಡಿದೀವಿ. ಟಿವಿ ಆಟದಲ್ಲೂ ಹೀಗೇ ಇರುತ್ತೆ. ಒಂದೇ ಥರ ಇರ್ಬೇಕಲ್ಲ."

"ಅದು ಆಟದ ಜೀವ" ಎಂದಳು ನಿಮ್ಮಮ್ಮ.

"ಇರಬಹುದು. ಆದ್ರೆ ಅದು ಎರಡನೇ ಪಟ್ಟೀಲಿದೆ. ಯಾರದೂ ಅಲ್ಲ."

"ಯಾರದೂ ಅಲ್ಲ ಅಂತ ಯಾರ್ ಹೇಳಿದ್ರು?" ಇದು ನನ್ನ ಬಾಯಿಂದ ಬಂತು.

ಅವನು ನನ್ನ ಕಡೆ ತಿರುಗಿದ. ಮೆತ್ತಗೇ ಹೇಳಿದ, ಅದೇ ಹೆಚ್ಚು ಉರಿಸಿತು. "ನೀವೇ ಅಮ್ಮ. ನಾನು ಕೇಳಿದೆ. ನೀವು ಸುಮ್ಮನಿದ್ರಿ."

ಸುಳ್ಳಲ್ಲ. ಅಷ್ಟು ಜನ ಚಹಾ ಕುಡಿಯುತ್ತಿದ್ದ ಆ ಹೋಟೆಲಿನಲ್ಲಿ ನಾನು ನಿಮ್ಮಜ್ಜನ ಹೆಸರು ಹೇಳಿದೆ. ಅವರ ಅಪ್ಪನ ಹೆಸರು, ಅಡ್ಡಹೆಸರು ಸಮೇತ. ಧ್ವನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ದುಡ್ಡಿನ ಗಲ್ಲೆಯ ಮೇಲೆ ಕೂತವನು ತಿರುಗಿ ನೋಡಿದ. ನಿಮ್ಮಮ್ಮ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟಳು. ಅವಳು ಹುಟ್ಟಿ ಬೆಳೆದು ತಾಯಿಯಾದವಳು, ತನ್ನಪ್ಪನ ಹೆಸರನ್ನು ನನ್ನ ಬಾಯಲ್ಲಿ ಕೇಳಿರಲಿಲ್ಲ.

"ಸಾರಿ, ಇನ್ನೊಂದ್ಸಲ ಹೇಳಿ" ಎಂದ ಅವನು, ಪೆನ್ನು ಹುಡುಕುತ್ತಾ.

"ಬರಕೋರಿ" ಎಂದು ಇನ್ನೊಮ್ಮೆ ಹೇಳಿದೆ. "ಆ ನಿಯಮ ಮಾಡಿದವರು ಅವರು. ಮೊದಲನೇ ಪಟ್ಯಾಗ ಅವರ ಹೆಸರು ಬರಬೇಕು. ಅದು ಬರೂತನಕ ನಾ ಸಹಿ ಹಾಕಂಗಿಲ್ಲ."

ಹಳೆಯ ಲೈಸನ್ಸಿನ ಅವಧಿ ಮುಗಿಯುವವರೆಗೆ ಫೋನಿನ ಆಟವನ್ನು ಏನೂ ಮಾಡಲಾಗದು ಎಂದ. ಹೊಸದರ ಬಗ್ಗೆ ಆಫೀಸಿನಲ್ಲಿ ಕೇಳಬೇಕು ಎಂದ. ಬಹುಶಃ ಒಪ್ಪಲಿಕ್ಕಿಲ್ಲ ಎಂದೂ ಹೇಳಿದ. ಕೇಳಿರಿ ಎಂದೆ. ಕಾಗದ ಚೀಲಕ್ಕೆ ಹಾಕಿಕೊಂಡು ಹೋದವನು ಇಂದಿಗೂ ಫೋನು ಮಾಡಿಲ್ಲ. ಮಾಡದಿದ್ದರೆ ಆ ದೊಡ್ಡ ಆಟ ಬರುವುದಿಲ್ಲ, ಅಷ್ಟೆ. ನಿಮ್ಮಮ್ಮನಿಗೂ ಅದು ಸರಿಯೇ ಅನ್ನಿಸಿದೆ. ಆದರೆ ಫೋನಿನದು ಇನ್ನೂ ಓಡುತ್ತಿದೆ. ಯಾರ್‍ಯಾರ ಮನೆಯ ಕಟ್ಟೆಯ ಮೇಲೋ ಅಕ್ಕ ತಂಗಿಯನ್ನು ಬಿಟ್ಟು ಗೆಲ್ಲುತ್ತಿದ್ದಾಳೆ, ಅದಕ್ಕೆ ನನ್ನ ಸಹಿಯಿದೆ. ಬೀಜ ಬೀಳುವ ಆ ಸದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಬೇಸಿಗೆ ರಜೆಗೆ ಬನ್ನಿ. ಬೀಜ ಉಜ್ಜಿ ಇಟ್ಟಿದ್ದೇನೆ, ಪಕ್ಕದ ಮನೆಯ ಅಕ್ಕನೂ ಬರುತ್ತೇನೆ ಎಂದಿದ್ದಾಳೆ. ದೊಡ್ಡವಳೇ, ನೀನು ಬನವಾಸಿ ಮುಟ್ಟಿದ್ದು ಲೆಕ್ಕಕ್ಕಿಲ್ಲ. ನಿನ್ನ ತಂಗಿ ಇನ್ನೂ ಆ ಕಾಡಿನಲ್ಲೇ ಕೂತಿದ್ದಾಳೆ. ಮೊದಲ ಸರದಿ ನಿನ್ನದು, ಹಿಂದಕ್ಕೆ.