ಹಗೇವಿನ ಬಾಯಿಯ ಕಂದೀಲು

ನನ್ನ ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದಾಗ ಜತ್ತ ತಾಲ್ಲೂಕಿನ ತಿಕೋಂಡಿ ಕಡೆಯ ಒಂದು ಹಳೆಯ ಒಕ್ಕಲುಮನೆಯನ್ನು ಮ್ಯೂಜಿಯಂ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕನ್ಸರ್ವೇಶನ್ ಆಫೀಸರ್. ಮನೆಯ ಹಿರಿಯ ಮಲ್ಲಗೊಂಡ ಕಾಕಾ ಕೂರಿಗೆ, ಕುಂಟೆ, ಬಾರುಕೋಲು ಎಲ್ಲವನ್ನೂ ಒಪ್ಪಿಸಿದರು. ನಂಬರ್ ಹಾಕಿ ಚೀಟಿ ಅಂಟಿಸುವುದರಲ್ಲಿ ನಾನು ಎತ್ತಿದ ಕೈ ಎಂಬ ಜಂಬ ನನಗಿತ್ತು.

ಅಂಗಳದಲ್ಲಿ ಹಗೇವು ಇತ್ತು. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಎರಡಾಳು ಆಳದ ಗುಂಡಿ. ಅದರ ಬಾಯಿಯ ಪಕ್ಕದ ಗೋಡೆಯ ಮೊಳೆಗೆ, ಉದ್ದ ಹಗ್ಗ ಕಟ್ಟಿದ ಹಿತ್ತಾಳೆ ಕಂದೀಲು ತೂಗುತ್ತಿತ್ತು. ಅದನ್ನು ತೆಗೆಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟೆ. ರಿಜಿಸ್ಟರಿನಲ್ಲಿ ಬರೆದೆ: ನಂಬರ್ ನಲವತ್ತೊಂದು. ಉಪಯೋಗ: ಬೆಳಕಿಗೆ.

"ಸಾಹೇಬ್ರ, ಅದು ಅಲ್ಲೇ ಇರ್ಲಿ ಬಿಡ್ರಿ," ಅಂದರು ಕಾಕಾ.

"ಗಾಳಿ ಮಳಿಗೆ ಹಾಳಾಗತೈತಿ, ಕಾಕಾ," ಎಂದೆ. ಯಾಕೆ ಎಂದು ಕೇಳಲಿಲ್ಲ. ಮುದುಕರ ಮಮಕಾರ ಅಂದುಕೊಂಡೆ.

ಹಗೇವಿನ ಒಳಗೋಡೆ ದುರಸ್ತಿಗೆ ಸಂಖ ಎಂಬ ಊರಿನಿಂದ ದಸ್ತಗೀರ ಎಂಬ ಗೌಂಡಿಯನ್ನು ಕರೆಸಿದ್ದೆ. ಮೂವತ್ತರ ಆಸುಪಾಸಿನವನು, ಕೆಲಸದಲ್ಲಿ ಗಟ್ಟಿಗ. ಆ ಬೆಳಿಗ್ಗೆ ಕಾಕಾ ಜತ್ತಕ್ಕೆ ಹೋಗಿದ್ದರು. ವರ್ಷಗಟ್ಟಲೆ ಮುಚ್ಚಿದ್ದ ಕಲ್ಲನ್ನು ಸರಿಸಿದೆವು. ತಳದಲ್ಲಿ ಒಂದಿಷ್ಟು ಮುಗ್ಗಿದ ಜೋಳ ಇತ್ತು. ದಸ್ತಗೀರನ ಕೈಗೆ ನಾನೇ ನನ್ನ ಬ್ಯಾಟರಿ ಕೊಟ್ಟೆ.

"ಚಲೋ ಕಾಣಾಕತ್ತೈತ್ರಿ ಸಾಹೇಬ್ರ, ಇಳೀತೀನಿ," ಅಂದ.

ಏಣಿಯ ಕೊನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಕುಸಿದುಬಿದ್ದ. ಎಷ್ಟು ಕೂಗಿದರೂ ಉತ್ತರವಿಲ್ಲ. ಬ್ಯಾಟರಿ ಮಾತ್ರ ಅವನ ಪಕ್ಕದಲ್ಲಿ ಉರಿಯುತ್ತಲೇ ಇತ್ತು. ಹಗ್ಗ, ಕೊಕ್ಕೆ ತಂದು ಮೇಲೆತ್ತುವಷ್ಟರಲ್ಲಿ ಉಸಿರು ನಿಂತಿತ್ತು.

ಮುಚ್ಚಿದ ಗುಂಡಿಯಲ್ಲಿ ಮುಗ್ಗಿದ ಕಾಳು ಆಕ್ಸಿಜನ್ನನ್ನೆಲ್ಲ ತಿಂದು ಕೆಟ್ಟ ಗಾಳಿ ತುಂಬಿಸುತ್ತದೆ ಎಂದು ಡಾಕ್ಟರು ವಿವರಿಸಿದರು. ಕಾಕಾ ಬಂದವರೇ ಗಾಜಿನ ಪೆಟ್ಟಿಗೆಯ ಮುಂದೆ ನಿಂತರು.

"ಮದಲ ಕಂದೀಲ ಹಚ್ಚಿ ಇಳಿಸ್ತಿದ್ವಿರಿ. ಅದು ಆರಿದ್ರ ಮನಶ್ಯಾ ಇಳೀಬಾರ್ದು."

"ಆವತ್ತ ಯಾಕ ಹೇಳ್ಲಿಲ್ಲ, ಕಾಕಾ?"

"ಹಗೇವು ತಗಿಯೋರಿಗೆ ಇದನ್ನೂ ಹೇಳಬೇಕಾಗತೈತಿ ಅಂತ ನನಗ ಹೊಳೀಲೇ ಇಲ್ರಿ," ಎಂದು ಅತ್ತರು.

ವಿಚಾರಣೆಯ ಕಾಗದದಲ್ಲಿ ಅಪಘಾತ ಎಂದು ಬರೆದರು. ನನ್ನ ಮನಸ್ಸು ಹಾಗೆ ಬರೆದುಕೊಳ್ಳಲಿಲ್ಲ. ದಸ್ತಗೀರನ ಹೆಂಡತಿಯ ಮುಖ ನೋಡುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು. ವಸ್ತು ಇದ್ದ ಜಾಗವೂ ವಸ್ತುವಿನಷ್ಟೇ ಮುಖ್ಯ. ಇಟ್ಟವರನ್ನು ಕೇಳದೆ ಮುಟ್ಟಬಾರದು. ಕಂದೀಲನ್ನು ನಾನೇ ಮತ್ತೆ ಮೊಳೆಗೆ ತೂಗುಹಾಕಿ ಬಂದೆ. ರಿಜಿಸ್ಟರಿನಲ್ಲಿ 'ಉಪಯೋಗ: ಬೆಳಕಿಗೆ' ಎಂಬ ನನ್ನ ಅಕ್ಷರ ಹಾಗೇ ಇದೆ. ತಿದ್ದಲು ಹೋಗಿದ್ದೆ, ಬೇಡವೆನಿಸಿತು. ನನ್ನ ನಂತರ ಬರುವವರು ನಾನು ಕೇಳದೆ ಬಿಟ್ಟದ್ದನ್ನು ಓದಲಿ.