ಒಣದ್ರಾಕ್ಷಿ ಶೆಡ್ಡಿನಲ್ಲಿ ನನ್ನ ಬಾನೆಟ್

ಗೆಳೆಯರೇ, ವಿಜಯಪುರದ ನಮ್ಮ ಮನೆಯ ಗ್ಯಾರೇಜಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಹೊಸದು ಮಾಡುತ್ತಿದ್ದೇನಲ್ಲ, ಅದರ ಬಾನೆಟ್ಟಿಗೆ ಬಿಳಿ ಬಣ್ಣ ಹೊಡೆದು, ಧೂಳು ಕೂರಬಾರದೆಂದು ತಿಕೋಟಾದ ಸೋದರಮಾವನ ಒಣದ್ರಾಕ್ಷಿ ಶೆಡ್ಡಿನಲ್ಲಿ ಒಣಗಲು ಇಟ್ಟಿದ್ದೆ. ಇವತ್ತು ತರಲು ಹೋದರೆ ತಿಳಿ ಹೊಂಬಣ್ಣಕ್ಕೆ ತಿರುಗಿದೆ!

"ಮಾಮಾ, ಏನ್ ಮಾಡಿದ್ರಿ ಇದಕ್ಕ?"

"ದ್ರಾಕ್ಷಿಗೆ ಗಂಧಕದ ಹೊಗಿ ಹಾಕಾಕತ್ತಿದ್ದೆ. ಬಣ್ಣ ಛಲೋ ಬರತೈತಿ ಅಂತ ಇದಕ್ಕೂ ಹಾಕೇನಿ."

ಸಿಟ್ಟು ನೆತ್ತಿಗೇರಿತು. ಬಿಸಿಲಿಗೆ ತಂದು ನೋಡಿದೆ. ಇಷ್ಟು ಚೆಂದದ ಬಣ್ಣ ಯಾವ ಡಬ್ಬಿಯಲ್ಲೂ ಕಂಡಿಲ್ಲ.

"ಉಳಿದ ಗಾಡಿಗೆ ಈ ಬಣ್ಣ ಎಲ್ಲಿಂದ ತರ್ಲಿ ಮಾಮಾ?"

"ಅದಕ್ಯಾಕ ಚಿಂತಿ? ದ್ರಾಕ್ಷಿ ಮುಗಿಯೂದ್ರೊಳಗ ಗಾಡೀನ ತಂದ ನಿಲ್ಲಸು."

ಬೈದೇ ಬಂದೆ. ಬರುವ ಮೊದಲು ಶೆಡ್ಡಿನ ಬಾಗಿಲಿನ ಅಗಲವನ್ನೂ ಅಳೆದುಕೊಂಡೆ.